ಎರಕದ ಕೋಲೊ? ಕುಲುಮೆಯ ಕೋಲೊ?

ನಮ್ಮ ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಕೇಳಿದಾಗ, ಬರೆಯತಕ್ಕ ವಿಷಯ ಯಾವುದೂ ನನ್ನಲ್ಲಿಲ್ಲವೆಂದು ಬಿನ್ನವಿಸಿಕೊಂಡೆ. “ನಿನಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಏನಾದರೂ ಇದ್ದೇ ಇರಬೇಕು, ಅದನ್ನೇ ಬರೆ” ಎಂದರು. ಹಾಗೆ ಯೋಚಿಸಿದಾಗ ನನಗೆ ತೋರಿದ ವಿಷಯ ಒಂದೇ, ಗಾಲ್ಫ್ ಆಟದ ಕೋಲು. ಓದುಗ ಮಿತ್ರರು ನಗಬಾರದು.

ಗಾಲ್ಫ್ ಹಣವಂತರ ಆಟವೆಂಬ ಮಾತು ಲೋಕರೂಢಿಯಲ್ಲಿದೆ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಆ ಹಣವಂತರ ಹಿಂದೆ ಅವರ ಚೀಲವನ್ನು ಹೊತ್ತು ನಡೆಯುವವನೊಬ್ಬನುಂಟು. ಅವನಿಗೆ ಕ್ಯಾಡಿ ಎಂದು ಹೆಸರು. ನನ್ನ ತಂದೆಯವರು ಇಪ್ಪತ್ತೆಂಟು ವರ್ಷಗಳಿಂದ ಕ್ಯಾಡಿ. ಪಿ.ಯು.ಸಿ. ಮುಗಿದಂದಿನಿಂದ ಭಾನುವಾರಗಳಲ್ಲಿಯೂ ರಜಾ ದಿನಗಳಲ್ಲಿಯೂ ನಾನೂ ಚೀಲ ಹೊತ್ತಿದ್ದೇನೆ. ನಮ್ಮ ಮೈದಾನಕ್ಕೆ ಸೋಮವಾರ ಬಿಡುವು; ಅಂದು ಬೆಳಗಿನ ಹೊತ್ತು ಕ್ಯಾಡಿಗಳು ಆಡಿಕೊಳ್ಳಬಹುದು. ಎರವಲು ಕೋಲುಗಳಿಂದ ಹಾಗೆ ಆಡುತ್ತ ಆಡುತ್ತ, ಹದಿನೆಂಟು ಗುಳಿಗಳನ್ನು ತೊಂಬತ್ತರ ಆಸುಪಾಸಿನ ಹೊಡೆತಗಳಲ್ಲಿ ಮುಗಿಸುವಷ್ಟು ಕಲಿತಿದ್ದೇನೆ. ಅಂದರೆ ಹೊಸಬನೂ ಅಲ್ಲ, ಪಳಗಿದವನೂ ಅಲ್ಲ. ಈ ನಡುವಿನ ಸ್ಥಿತಿಯಲ್ಲಿಯೇ ಕೋಲಿನ ಆಯ್ಕೆ ಬಲು ತೊಡಕಾದದ್ದು.

ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ ಅವರು 1991ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. 1993ರಲ್ಲಿ ಮತ್ತೊಮ್ಮೆ ಗೆದ್ದರು. ಅದು ನಾನು ಹುಟ್ಟುವ ಮೊದಲಿನ ಮಾತು. ಆದರೂ ಚೀಲ ಹೊರುವ ಹುಡುಗರೆಲ್ಲರೂ ಈ ಕಥೆಯನ್ನು ಬಲ್ಲರು. ತಾವೂ ಒಂದು ದಿನ ಎಂದುಕೊಳ್ಳುವವರೂ ಉಂಟು. ನಾನೂ ಅಂದುಕೊಂಡವನೇ. ಎರಡು ಬೇಸಿಗೆಯ ದುಡಿಮೆಯಲ್ಲಿ ಹದಿನಾರು ಸಾವಿರ ರೂಪಾಯಿ ಕೂಡಿಸಿ, ಸ್ವಂತ ಸೆಟ್ಟೊಂದನ್ನು ಕೊಳ್ಳಲು ಹೊರಟೆ. ಸೆಕೆಂಡ್ ಹ್ಯಾಂಡ್ ಸೆಟ್ಟುಗಳು ಎರಡಿದ್ದವು. ಒಂದು ಎರಕದ್ದು, ಹದಿನಾಲ್ಕು ಸಾವಿರ. ಇನ್ನೊಂದು ಕುಲುಮೆಯಲ್ಲಿ ಬಡಿದದ್ದು, ಇಪ್ಪತ್ತೆರಡು ಸಾವಿರ. ನನ್ನ ಕಣ್ಣು ಎರಡನೆಯದರ ಮೇಲೆಯೇ ನೆಟ್ಟಿತ್ತು. ಸಾಲದ್ದಕ್ಕೆ ಸಾಲ ಮಾಡಿದರಾಯಿತು ಎಂದುಕೊಂಡೆ. ಎಂ.ಎ. ಪ್ರವೇಶದ ಶುಲ್ಕವನ್ನು ಕಟ್ಟುವ ಕಾಲವೂ ದೂರವಿರಲಿಲ್ಲವೆಂಬುದನ್ನು ಬೇಕೆಂದೇ ಮರೆತೆ.

ವಿಷಯ ತಿಳಿಯದ ಮಿತ್ರರಿಗಾಗಿ ಒಂದೆರಡು ಮಾತು. ಆಟಗಾರನು ತನ್ನ ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳನ್ನು ಇಟ್ಟುಕೊಳ್ಳುವಂತಿಲ್ಲ. ಅವುಗಳಲ್ಲಿ ಅರ್ಧದಷ್ಟು ‘ಐರನ್’ ಎಂಬ ಜಾತಿಯವು. ಪ್ರತಿಯೊಂದರ ಮೇಲೂ ಒಂದು ಅಂಕಿ ಇರುತ್ತದೆ. ಅಂಕಿ ಚಿಕ್ಕದಾದಷ್ಟೂ ಮುಖ ನೆಟ್ಟಗೆ, ಚೆಂಡು ತಗ್ಗಾಗಿ ದೂರ ಹೋಗುತ್ತದೆ; ಅಂಕಿ ದೊಡ್ಡದಾದಷ್ಟೂ ಮುಖ ಓರೆ, ಚೆಂಡು ಎತ್ತರಕ್ಕೆ ಏರಿ ಹತ್ತಿರದಲ್ಲಿಯೇ ಇಳಿಯುತ್ತದೆ. ಈ ಕೋಲಿನ ತಲೆಯನ್ನು ಮಾಡುವ ಮುಖ್ಯ ಬಗೆಗಳು ಎರಡು.

ಮೊದಲನೆಯದು ಕಮ್ಮಾರನ ಬಗೆ. ಮೆದು ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಅಚ್ಚಿನ ನಡುವೆ ಇಟ್ಟು, ಭಾರಿ ಸುತ್ತಿಗೆಯಿಂದ ಹೊಡೆದು, ಅನಂತರ ಉಜ್ಜಿ ಆಕಾರ ಕೊಟ್ಟು, ಮೇಲೆ ಕ್ರೋಮಿಯಂ ಲೇಪನ ಮಾಡುತ್ತಾರೆ. ಇದಕ್ಕೆ ‘ಫೋರ್ಜ್ಡ್’ ಎನ್ನುತ್ತಾರೆ. ಜಪಾನಿನ ಹಿಮೇಜಿ ಪಟ್ಟಣದ ಸುತ್ತಮುತ್ತ ಈ ಕೆಲಸ ಹೆಸರುವಾಸಿ; ಕತ್ತಿ ಬಡಿಯುತ್ತಿದ್ದ ಹಳೆಯ ಕಸಬಿನ ನಾಡು ಅದು. ಎರಡನೆಯದು ಎರಕದ ಬಗೆ. ಮೇಣದಲ್ಲಿ ಕೋಲಿನ ತಲೆಯ ಮಾದರಿಯನ್ನು ಮಾಡಿ, ಅದರ ಸುತ್ತ ಗಟ್ಟಿಯಾಗುವ ಲೇಪವನ್ನು ಹಚ್ಚಿ, ಕಾಯಿಸಿ, ಮೇಣವನ್ನು ಕರಗಿಸಿ ಹೊರಹಾಕಿ, ಉಳಿದ ಪೊಳ್ಳಿಗೆ ಕರಗಿದ ತುಕ್ಕುಹಿಡಿಯದ ಉಕ್ಕನ್ನು ಹೊಯ್ಯುತ್ತಾರೆ. ಈ ಉಪಾಯ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಲೋಹದ ವಿಗ್ರಹಗಳನ್ನು ಮೇಣದ ಮಾದರಿಯಿಂದ ಎರಕ ಹೊಯ್ಯುವ ಕ್ರಮದ ವರ್ಣನೆಯಿದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ, ದೇವರ ವಿಗ್ರಹವೂ ಗಾಲ್ಫ್ ಕೋಲೂ ಒಂದೇ ವಿದ್ಯೆಯ ಮಕ್ಕಳೆಂದು ತಿಳಿದಾಗ ಆಶ್ಚರ್ಯವಾಯಿತು.

ಎರಕದ ಕೋಲಿಗೆ ಹೆಸರು ತಂದವರಲ್ಲಿ ಕಾರ್ಸ್ಟನ್ ಸೊಲ್ಹೈಮ್ ಎಂಬವರು ಮುಖ್ಯರು. ನಾರ್ವೆ ದೇಶದಲ್ಲಿ 1911ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದವರು. ಹಣದ ಅಡಚಣೆಯಿಂದ ವಿಶ್ವವಿದ್ಯಾನಿಲಯದ ಓದನ್ನು ಬಿಟ್ಟು ಜೋಡು ರಿಪೇರಿ ಮಾಡಿ ಬದುಕಿದರು, ಮುಂದೆ ಇಂಜಿನಿಯರಾದರು. ನಲವತ್ತು ದಾಟಿದ ಮೇಲೆ ಗಾಲ್ಫ್ ಕಲಿಯಲು ಹೊರಟರು. ಆಟ ಸರಿಯಾಗಿ ಬರಲಿಲ್ಲ. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆ ನಮ್ಮಲ್ಲುಂಟು. ಸೊಲ್ಹೈಮರೂ ಕೋಲಿನ ಮೇಲೆಯೇ ತಪ್ಪು ಹೊರಿಸಿದರು. ಆದರೆ ದೂರಿ ಸುಮ್ಮನಾಗದೆ ನೆಲವನ್ನೇ ಸಮಮಾಡಲು ಹೊರಟರು. ಕೋಲಿನ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರು. 1959ರಲ್ಲಿ ಅವರು ಮಾಡಿದ ಪಟರ್‌ಗೆ ‘ಪಿಂಗ್’ ಎಂದು ಹೆಸರಾಯಿತು. ಅದೇ ತತ್ತ್ವದ ಮೇಲೆ ಮುಂದೆ ಎರಕದ ಐರನ್‌ಗಳೂ ಬಂದವು.

ಅಂಚಿಗೆ ತೂಕ ಹಂಚಿದರೆ ಆಗುವುದೇನು? ಹಗ್ಗದ ಮೇಲೆ ನಡೆಯುವ ದೊಂಬರವನನ್ನು ನೆನೆಯಿರಿ. ಅವನು ಕೈಯಲ್ಲಿ ಉದ್ದನೆಯ ಗಳುವನ್ನು ಹಿಡಿದಿರುತ್ತಾನೆ. ಆ ಗಳುವಿನ ತೂಕ ಮೈಯಿಂದ ದೂರದಲ್ಲಿ ಇರುವುದರಿಂದ ಅದು ಥಟ್ಟನೆ ತಿರುಗುವುದಿಲ್ಲ. ಅವನಿಗೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಕೋಲಿನ ತಲೆಯೂ ಹಾಗೆಯೇ. ಚೆಂಡು ಮುಖದ ನಡುವಿಗೆ ತಗುಲದೆ ಪಕ್ಕಕ್ಕೆ ತಗುಲಿದರೆ ತಲೆ ತಿರುಚುತ್ತದೆ. ದಿಕ್ಕು ತಪ್ಪುತ್ತದೆ, ದೂರವೂ ಕುಗ್ಗುತ್ತದೆ. ತೂಕ ಅಂಚಿನಲ್ಲಿದ್ದರೆ ತಿರುಚುವುದು ಕಡಮೆ. ಇದರೊಂದಿಗೆ ತೂಕವನ್ನು ಕೆಳಕ್ಕೂ ಹಿಂದಕ್ಕೂ ಇಳಿಸಿದರೆ ಚೆಂಡು ಸುಲಭವಾಗಿ ಮೇಲೇಳುತ್ತದೆ. ಅಡಿಯನ್ನು ಅಗಲ ಮಾಡಿದರೆ ಕೋಲು ನೆಲವನ್ನು ಅಗೆಯುವುದು ತಗ್ಗುತ್ತದೆ. ಇಂಥ ಕೋಲಿಗೆ ಆಟಗಾರರು ‘ಫರ್ಗಿವಿಂಗ್’ ಎನ್ನುತ್ತಾರೆ. ಕ್ಷಮಿಸುವ ಕೋಲು! ಹೆಸರು ಚೆನ್ನಾಗಿದೆ. ಆದರೆ ಅದು ತಪ್ಪನ್ನು ಅಳಿಸಿಹಾಕುವುದಿಲ್ಲ. ತಪ್ಪಿಗೆ ತೆರಬೇಕಾದ ದಂಡವನ್ನು ತಗ್ಗಿಸುತ್ತದೆ, ಅಷ್ಟೆ.

ಇಲ್ಲಿ ನಾನು ಬಹುಕಾಲ ಒಂದು ತಪ್ಪು ತಿಳಿವಳಿಕೆಯಲ್ಲಿದ್ದೆ. ಕುಲುಮೆಯ ಕೋಲೆಂದರೆ ಕಠಿನ, ಎರಕದ ಕೋಲೆಂದರೆ ಕರುಣಾಳು ಎಂದು ಭಾವಿಸಿದ್ದೆ. ನಿಜವಾಗಿ ‘ಫೋರ್ಜ್ಡ್’ ಎಂಬುದು ಮಾಡುವ ಬಗೆಯನ್ನು ಹೇಳುತ್ತದೆ. ‘ಫರ್ಗಿವಿಂಗ್’ ಎಂಬುದು ಆಕಾರದ ಗುಣವನ್ನು ಹೇಳುತ್ತದೆ. ಇವೆರಡೂ ಒಂದಕ್ಕೊಂದು ವಿರುದ್ಧ ಪದಗಳಲ್ಲ. ಬಡಿದು ಮಾಡಿದ ಕೋಲಿಗೂ ಹಿಂದೆ ತಗ್ಗು ತೋಡಿ ತೂಕವನ್ನು ಅಂಚಿಗೆ ಕಳುಹಿಸಬಹುದು. ಅಂಥವು ಪೇಟೆಯಲ್ಲಿ ಬೇಕಾದಷ್ಟಿವೆ. ಎರಕ ಹೊಯ್ದು ತೆಳ್ಳನೆಯ ಕಠಿನವಾದ ಕೋಲನ್ನೂ ಮಾಡಬಹುದು. ನನ್ನ ಮುಂದಿದ್ದ ಹೊಳೆಯುವ ಸೆಟ್ಟು ಕಠಿನವಾಗಿದ್ದುದು ಬಡಿದದ್ದರಿಂದಲ್ಲ. ಅದರ ತಲೆ ಚಿಕ್ಕದು, ಅಡಿ ಕಿರಿದು, ತೂಕವೆಲ್ಲ ನಡುವೆ ಕೂಡಿದ್ದುದರಿಂದ. ಈ ಮಾದರಿಗೆ ‘ಬ್ಲೇಡ್’ ಎಂದು ಹೆಸರು.

ಹಾಗಾದರೆ ಕುಲುಮೆಯ ಕೋಲಿನ ಹೆಚ್ಚುಗಾರಿಕೆ ಏನು? ಮೆದು ಉಕ್ಕನ್ನು ಆಟಗಾರನ ಎತ್ತರಕ್ಕೂ ನಿಲುವಿಗೂ ತಕ್ಕಂತೆ ಒಂದೆರಡು ಡಿಗ್ರಿ ಬಗ್ಗಿಸುವುದು ಸುಲಭ. ಗಡಸಾದ ಎರಕದ ಉಕ್ಕು ಅಷ್ಟಾಗಿ ಮಣಿಯದು. ಪಳಗಿದವನು ಬ್ಲೇಡಿನಿಂದ ಚೆಂಡನ್ನು ಎಡಕ್ಕೊ ಬಲಕ್ಕೊ ಬೇಕೆಂದಂತೆ ಬಾಗಿಸಬಲ್ಲನು. ಇನ್ನು ಕೈಗೆ ಬರುವ ಆ ಮೆತ್ತನೆಯ ಹಿತದ ವಿಚಾರ. ಚೆಂಡೂ ಕೋಲೂ ಒಂದನ್ನೊಂದು ಮುಟ್ಟಿರುವ ಕಾಲ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು. ಹಿತ ಕೈಗೆ ತಿಳಿಯುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆ ಹಿತದಲ್ಲಿ ಶಬ್ದದ ಪಾಲೂ, ಚೆಂಡು ಮುಖದ ಯಾವ ಜಾಗಕ್ಕೆ ತಗುಲಿತು ಎಂಬುದರ ಪಾಲೂ ದೊಡ್ಡದು. ನಡುವಿಗೆ ತಗುಲಿದರೆ ಎರಕದ ಕೋಲೂ ಹಿತವೇ. ತುದಿಗೆ ತಗುಲಿದರೆ ಬ್ಲೇಡು ಬೆರಳುಗಳನ್ನು ಜುಮ್ಮೆನ್ನಿಸುತ್ತದೆ.

ಕೊಳ್ಳುವವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಹಳೆಯ ಮಾದರಿಯ ಬ್ಲೇಡಿನಲ್ಲಿ 7ನೆಯ ಅಂಕಿಯ ಕೋಲಿನ ಓರೆ 34-35 ಡಿಗ್ರಿ. ಇಂದಿನ ಕ್ಷಮಿಸುವ ಸೆಟ್ಟುಗಳಲ್ಲಿ ಅದು 30 ಡಿಗ್ರಿ, ಕೆಲವದರಲ್ಲಿ ಇನ್ನೂ ಕಡಮೆ. ಓರೆ ಕಡಮೆಯಾದುದರಿಂದ ಚೆಂಡು ದೂರ ಹೋಗುತ್ತದೆ. ಅಂಗಡಿಯಲ್ಲಿ ಎರಡನ್ನೂ ಹೊಡೆದುನೋಡಿ, ‘ಇದು ಹತ್ತು ಗಜ ಹೆಚ್ಚು ಹೋಯಿತು’ ಎಂದು ಹಿಗ್ಗುವವನು, ಹಳೆಯ 6ನೆಯ ಕೋಲನ್ನು 7 ಎಂಬ ಹೆಸರಿನಲ್ಲಿ ಹೊಡೆದಿರುತ್ತಾನೆ. ಆದಕಾರಣ ಎಷ್ಟು ದೂರ ಹೋಯಿತೆಂದು ಕೇಳುವುದಕ್ಕಿಂತ, ಹತ್ತು ಹೊಡೆತಗಳೂ ಒಂದೇ ದೂರ ಹೋದವೆ ಎಂದು ಕೇಳುವುದು ಲೇಸು.

ನನ್ನ ಪೇಚಾಟವನ್ನು ಕಂಡ ತಂದೆಯವರು ಒಂದು ಸೋಮವಾರ ಎರಡು ಸೆಟ್ಟುಗಳಿಂದಲೂ ಒಂದೊಂದು 7ನೆಯ ಕೋಲನ್ನು ಕೇಳಿ ತಂದರು. ಜೇಬಿನಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯೂ ಇತ್ತು. ಕೋಲಿನ ಮುಖಕ್ಕೆ ಪೌಡರು ಸವರಿ ಹೊಡೆದರೆ ಚೆಂಡು ತಗುಲಿದ ಜಾಗದಲ್ಲಿ ಗುರುತು ಮೂಡುತ್ತದೆ. ಒಂದೊಂದರಿಂದ ಇಪ್ಪತ್ತು ಚೆಂಡು ಹೊಡೆದೆ. ಬ್ಲೇಡಿನಿಂದ ನಾಲ್ಕು ಹೊಡೆತ ನಡುವಿಗೆ ತಗುಲಿದವು. ಆ ನಾಲ್ಕರ ಸೊಗಸನ್ನು ನಾನು ಮರೆಯಲಾರೆ. ಮಿಕ್ಕ ಹದಿನಾರರ ಗುರುತುಗಳು ಹೆಚ್ಚಾಗಿ ತುದಿಯ ಕಡೆ. ಚೆಂಡುಗಳು ಮರಳಿನ ಗುಂಡಿಗೆ ಮೊದಲೇ ಬಿದ್ದವು. ಎರಕದ ಕೋಲಿನ ಮೇಲೂ ಗುರುತುಗಳು ಹಾಗೆಯೇ ಚದರಿದ್ದವು. ನಾನು ಅದೇ ಮನುಷ್ಯನಲ್ಲವೆ? ಆದರೆ ಚೆಂಡುಗಳಲ್ಲಿ ಮುಕ್ಕಾಲು ಪಾಲು ಗುಂಡಿಯನ್ನು ದಾಟಿದ್ದವು.

ತಂದೆಯವರು ಆ ಬ್ಲೇಡನ್ನು ಪಂಚೆಯ ಅಂಚಿನಿಂದ ಒರೆಸುತ್ತ, “ಇಪ್ಪತ್ತರಲ್ಲಿ ನಾಕು ಹೊಡೆತಕ್ಕೆ ಕೋಲು ತಗಳ್ತೀಯೋ, ಮಿಕ್ಕಿದ್ದ ಹದಿನಾರಕ್ಕೆ ತಗಳ್ತೀಯೋ, ನೀನೇ ನೋಡಪ್ಪ” ಎಂದರು. ಬೇರೇನನ್ನೂ ಹೇಳಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ನಾನು ಆ ಬ್ಲೇಡನ್ನು ಬಯಸಿದ್ದು ಆಟಕ್ಕಾಗಿ ಅಲ್ಲ. ಚೀಲದಲ್ಲಿ ಅದು ಇದ್ದರೆ ನನ್ನನ್ನು ಕ್ಯಾಡಿಯೆಂದಲ್ಲ, ಆಟಗಾರನೆಂದು ಜನ ನೋಡುವರು ಎಂಬ ಆಸೆಯಿಂದ. ಇದನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು.

ಕ್ಷಮಿಸುವ ಕೋಲು ಆಟಗಾರನನ್ನು ಸೋಮಾರಿಯಾಗಿಸುತ್ತದೆ, ತನ್ನ ತಪ್ಪು ಅವನಿಗೆ ತಿಳಿಯದಂತೆ ಮಾಡುತ್ತದೆ ಎಂದು ವಾದಿಸುವವರುಂಟು. ಈ ವಾದದಲ್ಲಿ ಹುರುಳಿದೆ. ನಾನು ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಸದಸ್ಯರೊಬ್ಬರು ಎಂದೋ ತಂದೆಯವರಿಗೆ ಕೊಟ್ಟಿದ್ದ, ಲೇಪನವೆಲ್ಲ ಸವೆದ ಒಂಟಿ ಬ್ಲೇಡೊಂದು ಮನೆಯ ಮೂಲೆಯಲ್ಲಿತ್ತು. ಪ್ರತಿ ಸೋಮವಾರ ಮೊದಲ ಹತ್ತು ಚೆಂಡನ್ನು ಪೌಡರು ಸವರಿ ಅದರಿಂದ ಹೊಡೆಯುತ್ತೇನೆ. ಆಮೇಲೆ ಎರಕದ ಸೆಟ್ಟಿನಿಂದ ಆಡುತ್ತೇನೆ. ಕಲಿಯುವಾಗ ಕಠಿನನಾದ ಗುರು, ಆಡುವಾಗ ಕರುಣೆಯುಳ್ಳ ಗೆಳೆಯ. ಹೆಸರಾಂತ ಆಟಗಾರರಲ್ಲಿಯೂ ಹಲವರು ದೂರದ ಹೊಡೆತಕ್ಕೆ ಕ್ಷಮಿಸುವ ಕೋಲನ್ನು, ಹತ್ತಿರದ ಹೊಡೆತಕ್ಕೆ ಬ್ಲೇಡನ್ನು ಚೀಲದಲ್ಲಿ ಬೆರೆಸಿ ಇಟ್ಟುಕೊಳ್ಳುವುದುಂಟು. ಅವರಿಗಿಲ್ಲದ ನಾಚಿಕೆ ನನಗೇಕೆ?

ಸಾರಾಂಶವಿಷ್ಟು. ಕೋಲನ್ನು ಆರಿಸುವವನು ಅದು ಬಡಿದದ್ದೊ ಎರೆದದ್ದೊ ಎಂದು ಮೊದಲು ಕೇಳಬೇಕಾಗಿಲ್ಲ. ತನ್ನ ಗುರುತುಗಳು ಮುಖದ ಮೇಲೆ ಎಲ್ಲಿ ಬೀಳುತ್ತಿವೆ ಎಂದು ನೋಡಿಕೊಳ್ಳಲಿ. ಒಂದು ನಾಣ್ಯದಗಲದೊಳಗೆ ಬೀಳುತ್ತಿದ್ದರೆ ಬ್ಲೇಡು ಅವನಿಗೆ ಒಪ್ಪುತ್ತದೆ. ಚದರಿದ್ದರೆ, ಹಾಸಿಗೆ ಇದ್ದಷ್ಟು ಕಾಲು ಚಾಚಲಿ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲು. ಮೊದಲನೆಯ ವರ್ಷ ಇಂಗ್ಲಿಷ್ ಪಾಠ ಅರ್ಥವಾಗದಿದ್ದರೂ ಅರ್ಥವಾದವನಂತೆ ತಲೆಯಾಡಿಸುತ್ತ ಕುಳಿತಿದ್ದೆ. ಅಧ್ಯಾಪಕರೊಬ್ಬರು ನನ್ನ ಉತ್ತರಪತ್ರಿಕೆಯನ್ನು ನೋಡಿ, ಗದರಿಸದೆ, ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಟ್ಟರು. ತಪ್ಪುಗಳಿಗೆ ಕೆಂಪು ಗುರುತು ಹಾಕುವುದನ್ನು ಅವರು ಬಿಡಲಿಲ್ಲ. ಆದರೆ ಆ ತಪ್ಪುಗಳಿಂದಾಗಿ ನಾನು ಗುಂಡಿಗೆ ಬೀಳದಂತೆ ನೋಡಿಕೊಂಡರು. ಹದಿನಾಲ್ಕು ಸಾವಿರಕ್ಕೆ ಎರಕದ ಸೆಟ್ಟನ್ನು ಕೊಂಡು, ಉಳಿದ ಎರಡು ಸಾವಿರವನ್ನು ಎಂ.ಎ. ಶುಲ್ಕಕ್ಕೆಂದು ತಾಯಿಯವರ ಕೈಯಲ್ಲಿ ಇಟ್ಟ ದಿನ ನನಗೆ ಆ ಅರ್ಧ ಗಂಟೆಗಳು ನೆನಪಾದವು.