ದೇವಿಯ ಗುಡಿಯೂ ಅಶೋಕನ ಶಿಲಾಲಿಪಿಯೂ

ದಿಲ್ಲಿಯ ಕನ್ನಡಿಗರಾದ ನಮಗೆ ಚಾಣಕ್ಯಪುರಿಯು ಚಿರಪರಿಚಿತ ಸ್ಥಳ. ಕರ್ನಾಟಕ ಭವನವಿರುವುದು ಅಲ್ಲಿಯೇ. ಮೌರ್ಯ ಚಂದ್ರಗುಪ್ತನ ಮಂತ್ರಿಯ ಹೆಸರನ್ನು ಹೊತ್ತ ಈ ಬಡಾವಣೆಯಿಂದ, ಆ ಚಂದ್ರಗುಪ್ತನ ಮೊಮ್ಮಗನಾದ ಅಶೋಕನು ಕೊರೆಯಿಸಿದ ಅಕ್ಷರಗಳ ಬಳಿಗೆ, ರಜೆಯ ದಿನ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಹಿಂದಿರುಗಬಹುದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಕಾಲ್ಕಾಜಿ ಮಂದಿರವೆಂಬ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಕಾಳಿಕಾದೇವಿಯ ಗುಡಿ ಸಮೀಪದಲ್ಲಿದೆ. ಈಗ ನಗರವು ಸುತ್ತುವರಿದಿದ್ದರೂ ಇದು ಮೂಲತಃ ಬಹಾಪುರವೆಂಬ ಹಳ್ಳಿಯ ನೆಲ. ಈಗಿನ ಕಟ್ಟಡದ ಅತಿ ಹಳೆಯ ಭಾಗವು 1764ರದೆಂದು ಹೇಳುತ್ತಾರೆ. ನವರಾತ್ರಿಯಲ್ಲಿ ಇಲ್ಲಿನ ಜನಸಂದಣಿಯನ್ನು ಕಂಡವರಿಗೆ ನಮ್ಮ ಊರುಗಳ ಜಾತ್ರೆ ನೆನಪಾಗದಿರದು.

ದರ್ಶನ ಮುಗಿಸಿ ಉತ್ತರಕ್ಕೆ ಸುಮಾರು ಒಂದು ಕಿಲೋಮೀಟರು ನಡೆದರೆ ಕಲ್ಲುಗುಡ್ಡದ ಮೇಲೊಂದು ಚಿಕ್ಕ ಉದ್ಯಾನವಿದೆ. ಅಲ್ಲಿನ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಹತ್ತು ಸಾಲುಗಳಿವೆ. 1966ರಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರ ಕಣ್ಣಿಗೆ ಇದು ಬಿದ್ದಿತು. ದಿಲ್ಲಿಯಲ್ಲಿರುವ ಅಶೋಕನ ಎರಡು ಕಂಬಗಳನ್ನು 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ತೋಪ್ರಾ ಮತ್ತು ಮೀರತ್‌ಗಳಿಂದ ತರಿಸಿದನು. ಈ ಬಂಡೆಯಾದರೋ ಇಲ್ಲಿಯದೇ. ಅಕ್ಷರಗಳು ಬಹಳ ಸವೆದಿವೆ. ಅವುಗಳ ತಾತ್ಪರ್ಯವು ಮಾತ್ರ ಹೋಟೆಲಿನಲ್ಲಿ ದುಡಿಯುವವರಿಗೂ ಕಚೇರಿಯ ಗುಮಾಸ್ತರಿಗೂ ಸಮಾಧಾನ ಕೊಡುವಂತಹುದು: ಉತ್ತಮ ಗತಿಯು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವನಿಗೂ ಅದು ಲಭಿಸುತ್ತದೆ.

ಇದೇ ಶಾಸನದ ಪ್ರತಿಗಳು ನಮ್ಮ ನಾಡಿನಲ್ಲಿ ಹಲವಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ್ನು ಬೆಳಕಿಗೆ ತಂದರು. 1915ರಲ್ಲಿ ಮಸ್ಕಿಯಲ್ಲಿ ದೊರೆತ ಪ್ರತಿಯಲ್ಲಿ ಅಶೋಕನ ಹೆಸರೇ ಇತ್ತು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಪ್ರತಿಗಳು ತಿಳಿದುಬಂದವು.

ಆದರೆ ದೇವಿಯ ಗುಡಿಗೂ ಅಶೋಕನಿಗೂ ನೇರವಾಗಿ ಸಂಬಂಧ ಬೆಸೆದ ಊರು ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದಲ್ಲಿರುವ ಸನ್ನತಿ. ಅಲ್ಲಿನ ಚಂದ್ರಲಾಂಬೆಯು ಅನೇಕ ಕನ್ನಡ ಮನೆತನಗಳ ಕುಲದೇವತೆ. ಆ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮೇಲ್ಛಾವಣಿಯು 1986ರಲ್ಲಿ ಕುಸಿದುಬಿದ್ದಿತು. ಅವಶೇಷಗಳನ್ನು ತೆರವು ಮಾಡಿದಾಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡು ಮುಖಗಳಲ್ಲಿಯೂ ಅಶೋಕನ ಶಾಸನಗಳು ಕಂಡವು. ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಯಾರೋ ಕಲ್ಲಿನ ನಡುವೆ ರಂಧ್ರ ಕೊರೆದಿದ್ದರು. ಅಲ್ಲಿನ ಅಕ್ಷರಗಳು ಹೋದವು, ಉಳಿದವು ಪೀಠದ ಆಶ್ರಯದಲ್ಲಿ ಉಳಿದವು. ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆಂದು ಸಾರುವ ಹನ್ನೆರಡನೆಯ ಶಾಸನವೂ ಆ ಕಲ್ಲಿನಲ್ಲಿದೆ. ಮುಂದೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡದೊಂದು ಬೌದ್ಧ ಸ್ತೂಪವೂ, ಅಶೋಕರಾಜನೆಂದು ಹೆಸರು ಕೆತ್ತಿದ ಶಿಲ್ಪವೂ ದೊರೆತವು.

ಪೀಠದ ಕಲ್ಲನ್ನು ಕೊರೆದವರನ್ನು ನಾವು ನಿಂದಿಸುವಂತಿಲ್ಲ. ಆ ಲಿಪಿಯನ್ನು ಓದಬಲ್ಲವರು ಆಗ ಇರಲಿಲ್ಲ. ನಮಗೆ ಆ ನೆಪವಿಲ್ಲ. ನಮ್ಮ ಊರುಗಳ ಮಾರಮ್ಮ, ದುರ್ಗಮ್ಮರ ಗುಡಿಗಳ ಮುಂದೆ ಇಂದಿಗೂ ಶಾಸನದ ಕಲ್ಲುಗಳು ನಿಂತಿವೆ. ಜೀರ್ಣೋದ್ಧಾರವೆಂಬ ಸದುದ್ದೇಶದಿಂದಲೇ ಅವುಗಳಿಗೆ ಬಣ್ಣ ಬಳಿಯುವುದುಂಟು. ಸಿಮೆಂಟಿನ ಗೋಡೆಯಲ್ಲಿ ಸೇರಿಸುವುದುಂಟು. ನಿಧಿಯ ಆಸೆಯಿಂದ ಬುಡ ಅಗೆಯುವುದೂ ಉಂಟು. ಆ ಜೀರ್ಣೋದ್ಧಾರಗಳಿಗೆ ಊರು ಬಿಟ್ಟು ಬಂದ ನಾವೂ ಚಂದಾ ಕಳುಹಿಸುತ್ತೇವೆ. ಹಣ ಕೊಡುವವನ ಮಾತಿಗೆ ಊರಿನಲ್ಲಿ ಬೆಲೆಯಿದೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಅರಿಕೆ. ಈ ಸಲ ಜಾತ್ರೆಗೆ ರಜೆ ಪಡೆದು ಹೋದಾಗ ಗುಡಿಯ ಸುತ್ತಲಿನ ಕಲ್ಲುಗಳನ್ನು ಒಮ್ಮೆ ನೋಡಿರಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಅಕ್ಷರವಿದ್ದರೆ ಕೆರೆಯದೆ, ಬಣ್ಣ ಹಚ್ಚದೆ ಚಿತ್ರ ತೆಗೆದು, ರಾಜ್ಯದ ಪುರಾತತ್ತ್ವ ಇಲಾಖೆಗೂ ಪಂಚಾಯಿತಿಗೂ ತಿಳಿಸಿರಿ. ಚಂದಾ ಕಳುಹಿಸುವಾಗ ಕಲ್ಲನ್ನು ಇದ್ದಲ್ಲಿಯೇ ಇದ್ದಂತೆಯೇ ಉಳಿಸಬೇಕೆಂದು ಒಂದು ಮಾತು ಸೇರಿಸಿರಿ.