ರಸಮಂಜರಿಯ ಬೇಸ್ ಗಿಟಾರು: ಮಂದ್ರಸಂಕೇತದ ವರ್ಧನಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ರಾತ್ರಿಗಳಂದು ರಸಮಂಜರಿಯೆಂಬ ಗಾನಗೋಷ್ಠಿಯನ್ನು ಏರ್ಪಡಿಸುವುದು ರೂಢಿಯಾಗಿದೆ. ತಂಬೂರಿಯ ನೀಲಗಾರರೂ ಕಂಸಾಳೆಯ ದೇವರಗುಡ್ಡರೂ ಯಂತ್ರದ ನೆರವಿಲ್ಲದೆ ಬಯಲಿನಲ್ಲಿ ನಿಂತು ಹಾಡಿ ಜನರನ್ನು ಹಿಡಿದಿಟ್ಟ ಸೀಮೆಯಿದು. ಅವರ ಹಾಡಿನಲ್ಲಿ ಮಾತೇ ಮುಖ್ಯವಾಗಿತ್ತು. ವಾದ್ಯವು ಅದಕ್ಕೆ ಆಸರೆ. ಈಗಿನ ಗೋಷ್ಠಿಗಳಲ್ಲಿಯಾದರೋ, ಧಾಟಿ ತಿಳಿಯುತ್ತದೆ, ತಾಳವು ಎದೆಗೆ ತಟ್ಟುತ್ತದೆ, ಸಾಹಿತ್ಯಮಾತ್ರ ತಿಳಿಯುವುದಿಲ್ಲ ಎಂಬ ದೂರು ಸಾಮಾನ್ಯವಾಗಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬೇಸ್ ಗಿಟಾರಿನ ಸಂಕೇತವನ್ನು ಆಂಪ್ಲಿಫೈಯರಿಗೆ ಕೊಡುವ ಕ್ರಮದ ದೋಷವೂ ಒಂದು. ಸುಲಭವಾಗಿ ಸರಿಪಡಿಸಬಹುದಾದ ದೋಷವಾದ ಕಾರಣ, ಅದನ್ನೇ ಇಲ್ಲಿ ವಿವರಿಸಿದೆ.

ಮೊದಲು ವಾದ್ಯದ ಸ್ಥಾಯಿಯನ್ನು ತಿಳಿಯತಕ್ಕದ್ದು. ವೀಣೆಯ ಸಾರಣಿಯ ಷಡ್ಜವನ್ನು ಸೆಕೆಂಡಿಗೆ ಸುಮಾರು 165 ಕಂಪನಗಳಿಗೆ ಶ್ರುತಿಮಾಡಿದರೆ ಮಂದ್ರದ ತಂತಿಯು ಸುಮಾರು 82ಕ್ಕೂ, ಅನುಮಂದ್ರಪಂಚಮವು ಸುಮಾರು 62ಕ್ಕೂ ನಿಲ್ಲುತ್ತವೆ. ನಾಲ್ಕು ತಂತಿಗಳ ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಕಂಪನವಾದರೋ 41. ಅಂದರೆ ವೀಣೆಯ ಮಂದ್ರಷಡ್ಜಕ್ಕಿಂತಲೂ ಒಂದು ಸ್ಥಾಯಿ ಕೆಳಗೆ. ಐದನೆಯ ತಂತಿಯುಳ್ಳ ವಾದ್ಯದಲ್ಲಿ ಇದು 31ಕ್ಕೆ ಇಳಿಯುತ್ತದೆ. ಇಷ್ಟು ತಗ್ಗಿನ ನಾದದ ಒಂದು ಅಲೆಯ ಉದ್ದವು 8 ಮೀಟರಿಗೂ ಹೆಚ್ಚು. ಅದನ್ನು ಬಯಲಿನಲ್ಲಿ ಹೊರಡಿಸಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು, ಬಹಳ ವಿದ್ಯುಚ್ಛಕ್ತಿಯೂ ಬೇಕು.

ನಾದವನ್ನು ದೊಡ್ಡದುಮಾಡುವ ಬಯಕೆ ಈ ಜಿಲ್ಲೆಗೆ ಹೊಸದಲ್ಲ. ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಧ್ವನಿವರ್ಧಕವು ಸಭೆಗಳಲ್ಲಿ ಬಳಕೆಗೆ ಬರುವ ಮುನ್ನವೇ, ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದುದು ಸುಪ್ರಸಿದ್ಧವಾಗಿದೆ. ಹಿಂದಿನ ಸಾಲಿನವನಿಗೂ ಕೇಳಬೇಕೆಂಬುದೇ ಅದರ ಉದ್ದೇಶ. ನಾದವನ್ನು ಅದರ ಮೂಲದಲ್ಲಿಯೇ ಬಲಪಡಿಸುವುದು ಅವರ ಉಪಾಯ. ‘ಆಕ್ಟಿವ್’ ಎಂದು ಕರೆಯುವ ಬೇಸ್ ಗಿಟಾರಿನ ಉಪಾಯವೂ ತತ್ತ್ವತಃ ಇದೇ, ಸಾಧನಮಾತ್ರ ಬೇರೆ.

ಅಮೆರಿಕದ ಲಿಯೋ ಫೆಂಡರನು 1951ರಲ್ಲಿ ಮಾರುಕಟ್ಟೆಗೆ ತಂದ ಬೇಸ್ ಗಿಟಾರಿನಲ್ಲಿ ತಂತಿಯ ಕೆಳಗೆ ಅಯಸ್ಕಾಂತವೂ ತಾಮ್ರದ ಸುರುಳಿಯೂ ಇದ್ದವು. ತಂತಿಯು ಅದುರಿದಾಗ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತೇ ಸಂಕೇತ. ಇದಕ್ಕೆ ‘ಪ್ಯಾಸಿವ್’ ಎಂದು ಹೆಸರು. ಇದರ ಬಲವು ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತರಲ್ಲಿ ಕೆಲವು ಪಾಲು. 1970ರ ದಶಕದಲ್ಲಿ ವಾದ್ಯದ ಹೊಟ್ಟೆಯೊಳಗೇ 9 ವೋಲ್ಟಿನ ಬ್ಯಾಟರಿಯನ್ನೂ ಸಣ್ಣ ವರ್ಧಕವೊಂದನ್ನೂ ಅಡಗಿಸುವ ಪದ್ಧತಿ ಹರಡಿತು. ಇಂಥ ವಾದ್ಯದಿಂದ ಹೊರಡುವ ಸಂಕೇತವು ಒಂದು ವೋಲ್ಟನ್ನು ಸುಲಭವಾಗಿ ಮೀರುತ್ತದೆ. ಬೆರಳು ಬಲವಾಗಿ ಬಿದ್ದರೆ ಇನ್ನೂ ಏರುತ್ತದೆ. ಉದ್ದವಾದ ತಂತಿಯಲ್ಲಿ ಸಾಗಿದರೂ ಇದರ ಕಾಂತಿ ಕುಂದದು. ಗುಣವೂ ಅಪಾಯವೂ ಒಂದೇ ಕಡೆಯಿಂದ ಬಂದಂತಾಯಿತು.

ಅಪಾಯವು ಯಾವುದೆಂದರೆ: ಆಂಪ್ಲಿಫೈಯರಿನ ಮೊದಲನೆಯ ಹಂತವು ಇಂತಿಷ್ಟೇ ವೋಲ್ಟನ್ನು ತಾಳಬಲ್ಲುದು. ಅದನ್ನು ಮೀರಿದ ಅಲೆಯ ನೆತ್ತಿಯನ್ನು ಅದು ಕತ್ತರಿಸಿಬಿಡುತ್ತದೆ. ವಾದಕರು ಇದನ್ನು ‘ಕ್ಲಿಪ್ ಆಗುವುದು’ ಎನ್ನುತ್ತಾರೆ. ನಾದವು ಒಡೆದಂತೆ ಕೇಳಿಸಿದಾಗ ಅನನುಭವಿಯು ಕೊನೆಯ ‘ಮಾಸ್ಟರ್’ ಗುಂಡಿಯನ್ನು ತಗ್ಗಿಸುತ್ತಾನೆ. ನಾದವು ಮೆಲ್ಲಗಾಗುವುದೇ ಹೊರತು ಒಡಕು ಹೋಗುವುದಿಲ್ಲ. ಮೇಲಿನ ಗದ್ದೆಯಲ್ಲಿ ಕಾಲುವೆಯ ಏರಿ ಒಡೆದಿರುವಾಗ ಕೆಳಗಿನ ತೂಬನ್ನು ಮುಚ್ಚಿ ಫಲವೇನು? ಒಡಕು ಎಲ್ಲಿ ಹುಟ್ಟಿತೋ ಅಲ್ಲಿಯೇ ತಡೆಯಬೇಕು.

ಇದಕ್ಕಾಗಿಯೇ ಅನೇಕ ಆಂಪ್ಲಿಫೈಯರುಗಳಲ್ಲಿ ‘ಆಕ್ಟಿವ್’ ಎಂದು ಗುರುತಿಸಿದ ಬೇರೊಂದು ರಂಧ್ರವನ್ನೋ ಒತ್ತುಗುಂಡಿಯನ್ನೋ ಇರಿಸಿರುತ್ತಾರೆ. ಅದು ಸಂಕೇತವನ್ನು ಒಳಹೊಗುವಾಗಲೇ 10 ಅಥವಾ 15 ಡೆಸಿಬೆಲ್ಲಿನಷ್ಟು ತಗ್ಗಿಸುತ್ತದೆ. 10 ಡೆಸಿಬೆಲ್ ತಗ್ಗಿದರೆ ವೋಲ್ಟು ಮೂರರಲ್ಲೊಂದು ಪಾಲಿಗೂ, 15 ತಗ್ಗಿದರೆ ಆರರಲ್ಲೊಂದು ಪಾಲಿಗೂ ಸುಮಾರಾಗಿ ಇಳಿಯುವುದು. ಹೆಸರನ್ನು ನೋಡಿಯೇ ಈ ರಂಧ್ರವನ್ನು ಆರಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ಮೃದುವಾಗಿ ನುಡಿಸುವವನ ಆಕ್ಟಿವ್ ವಾದ್ಯವು ಸಾಮಾನ್ಯ ರಂಧ್ರದಲ್ಲಿಯೂ ಶುದ್ಧವಾಗಿ ನುಡಿಯಬಹುದು; ಬಲವಾಗಿ ಬಡಿಯುವವನ ಪ್ಯಾಸಿವ್ ವಾದ್ಯಕ್ಕೂ ತಗ್ಗಿಸುವ ಗುಂಡಿಯೇ ಬೇಕಾಗಬಹುದು. ಇಲ್ಲಿ ಕಿವಿಯೇ ಪ್ರಮಾಣ.

ಅನಂತರದ್ದು ‘ಗೇನ್’ ಗುಂಡಿ. ವಾದ್ಯದ ಸ್ವರಭೇದದ ಗುಂಡಿಗಳೆಲ್ಲವನ್ನೂ ನಡುವಿನಲ್ಲಿರಿಸಿ, ಆ ರಾತ್ರಿ ಅತಿ ಬಲವಾಗಿ ಹೇಗೆ ನುಡಿಸುವುದುಂಟೋ ಹಾಗೆಯೇ ನುಡಿಸುತ್ತ ಗೇನನ್ನು ಮೆಲ್ಲಮೆಲ್ಲನೆ ಏರಿಸಬೇಕು. ಕ್ಲಿಪ್ಪಿನ ಕೆಂಪು ದೀಪವು ಅತಿ ಬಲವಾದ ಹೊಡೆತಕ್ಕೆ ಮಾತ್ರ ಮಿನುಗತೊಡಗಿದ ಕೂಡಲೆ, ಅದು ಆರುವಷ್ಟು ಹಿಂದಕ್ಕೆ ತಿರುಗಿಸಿ ನಿಲ್ಲಿಸಬೇಕು. ಸಭೆಗೆ ಎಷ್ಟು ಕೇಳಬೇಕೆಂಬುದನ್ನು ಅನಂತರ ಮಾಸ್ಟರಿನಿಂದ ಗೊತ್ತುಮಾಡಿಕೊಳ್ಳುವುದು. ವಾದ್ಯದ ಮೇಲಿನ ಗುಂಡಿಯನ್ನು ಸ್ವಲ್ಪ ತಗ್ಗಿಸಿಟ್ಟು ನುಡಿಸುವುದರಲ್ಲಿಯೂ ಅವಮಾನವೇನಿಲ್ಲ.

ಮಂದ್ರವನ್ನು ಏರಿಸುವ ಗುಂಡಿಯ ವಿಷಯದಲ್ಲಿ ಲೋಭವು ಹೆಚ್ಚು. 12 ಡೆಸಿಬೆಲ್ ಏರಿಸಿದರೆ ವೋಲ್ಟು ನಾಲ್ಕು ಪಟ್ಟಾಗುತ್ತದೆ, ಶಕ್ತಿಯು ಹದಿನಾರು ಪಟ್ಟು. 20 ವಾಟಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ 320 ವಾಟು ಬೇಕಾಯಿತು. ವಾದ್ಯದಲ್ಲೊಮ್ಮೆ, ಆಂಪ್ಲಿಫೈಯರಿನಲ್ಲೊಮ್ಮೆ, ಧ್ವನಿವ್ಯವಸ್ಥೆಯವನ ಮಿಕ್ಸರಿನಲ್ಲಿ ಮತ್ತೊಮ್ಮೆ ಏರಿಸಿದರೆ ಗತಿಯೇನೆಂಬುದನ್ನು ಊಹಿಸಿಕೊಳ್ಳಬಹುದು. ನೆತ್ತಿ ಕತ್ತರಿಸಿದ ಅಲೆಯು ಪೂರ್ತಿ ಚೌಕವಾದರೆ, ಅಷ್ಟೇ ಎತ್ತರದ ಶುದ್ಧ ಅಲೆಗಿಂತ ಎರಡರಷ್ಟು ಶಕ್ತಿಯನ್ನು ಸ್ಪೀಕರಿಗೆ ಒಯ್ಯುತ್ತದೆ. ಸ್ಪೀಕರಿನ ಸುರುಳಿ ಕಾದು ಸುಡುವುದು ಹೀಗೆ. ಬಾಡಿಗೆಗೆ ತಂದ ಸಾಮಾನಾದರೆ ತಂಡದ ಸಂಭಾವನೆಯೂ ಅದರೊಡನೆಯೇ ಹೋಗುತ್ತದೆ.

ಸಾಹಿತ್ಯಕ್ಕಾಗುವ ಹಾನಿಯು ಇದಕ್ಕಿಂತಲೂ ಸೂಕ್ಷ್ಮ. ಒಡೆದ ಮಂದ್ರವು 41ರಲ್ಲಿಯೇ ನಿಲ್ಲದೆ ಅದರ ಮೂರರ, ಐದರ, ಏಳರ ಗುಣಕಗಳಾದ 123, 205, 287 ಮುಂತಾದ ಕಂಪನಗಳನ್ನೂ ಹುಟ್ಟಿಸುತ್ತದೆ. ಇವು ಗಾಯಕನ ಕಂಠವು ಸಂಚರಿಸುವ ನೆಲೆಗೇ ನುಗ್ಗುತ್ತವೆ. ಅಲ್ಲದೆ, ತಗ್ಗಿನ ನಾದವು ಬಲವಾದಾಗ ತನಗಿಂತ ಮೇಲಿನ ನಾದಗಳನ್ನು ಮುಚ್ಚುವುದು ಮನುಷ್ಯನ ಕಿವಿಯ ಸ್ವಭಾವ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚದು. ಆದುದರಿಂದ ಮಾತಿನ ನಿಚ್ಚಳತೆ ಅಳಿಯುತ್ತದೆ, ಪ್ರಾಸಸ್ಥಾನವು ಮಸಕಾಗುತ್ತದೆ, ಹಾಡಿದ ಪದವಾವುದೆಂದು ಕೇಳುವವನು ತಡಕಾಡುತ್ತಾನೆ. ದೋಷವನ್ನು ಗಾಯಕನ ಉಚ್ಚಾರಣೆಯ ಮೇಲೆ ಹೊರಿಸುವುದು ಎಷ್ಟೋ ಸಲ ಅನ್ಯಾಯ.

ಬ್ಯಾಟರಿಯ ಮಾತು ಚಿಕ್ಕದಾದರೂ ಬಿಡತಕ್ಕದ್ದಲ್ಲ. ವಾದ್ಯಕ್ಕೆ ಜ್ಯಾಕನ್ನು ಚುಚ್ಚಿದೊಡನೆ ಬ್ಯಾಟರಿಯು ವ್ಯಯವಾಗತೊಡಗುವುದು ಸಾಮಾನ್ಯ. ನುಡಿಸದಿರುವಾಗಲೂ ಹಾಗೆಯೇ ಬಿಟ್ಟರೆ ಕ್ರಮೇಣ ಕುಂದುತ್ತದೆ. ಕುಂದಿದ ಬ್ಯಾಟರಿಯು ವಾದ್ಯದ ಹೊಟ್ಟೆಯಲ್ಲಿಯೇ ಅಲೆಯನ್ನು ಕತ್ತರಿಸುವುದರಿಂದ ಆಂಪ್ಲಿಫೈಯರಿನ ದೀಪ ಹೊತ್ತದಿದ್ದರೂ ಒಡಕು ಕೇಳುತ್ತದೆ. ದೀಪವಿಲ್ಲದ ಒಡಕಿಗೆ ಮೊದಲು ಬ್ಯಾಟರಿಯನ್ನು ಬದಲಾಯಿಸಿ ನೋಡುವುದು ಜಾಣತನ.

2000ದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವು ನಿಷಿದ್ಧ. ಸರಕಾರವು ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ನಡುರಾತ್ರಿಯ ವರೆಗೆ ವಿನಾಯಿತಿ ಕೊಡಬಹುದು. ಆದರೆ ಆ ನಿಯಮಗಳಲ್ಲಿ ಬಳಸುವ ಮಾಪನಕ್ರಮವು ಕಿವಿಯ ಸ್ವಭಾವವನ್ನನುಸರಿಸಿ ಮಂದ್ರವನ್ನು ತೀರ ತಗ್ಗಿಸಿ ಎಣಿಸುತ್ತದೆ: 40 ಕಂಪನಗಳ ನಾದಕ್ಕೆ ಸುಮಾರು 35 ಡೆಸಿಬೆಲ್ ಕಡಮೆ. ಆದಕಾರಣ ಮಾಪಕವು ಒಪ್ಪಿದ ಮೇಲೂ ಮಂದ್ರವು ಗೋಡೆಗಳನ್ನು ಹಾಯ್ದು ಪಕ್ಕದ ಬೀದಿಯ ಮಲಗುವ ಮನೆಗಳನ್ನು ಮುಟ್ಟಬಹುದು.

ಕಾರ್ಯಕ್ರಮಕ್ಕೆ ಮುನ್ನ ಧ್ವನಿಪರೀಕ್ಷೆಯನ್ನು ನಡೆಸುವಾಗ ಡ್ರಮ್ಸು ಮತ್ತು ಬೇಸಿನಿಂದ ತೊಡಗಿ ಗಾಯಕನನ್ನು ಕೊನೆಗಿಡುವ ವಾಡಿಕೆಯುಂಟು. ಕನ್ನಡ ಗೀತೆಗಳ ಗೋಷ್ಠಿಯಲ್ಲಿ ಈ ಕ್ರಮವನ್ನು ತಿರುಗಿಸುವುದು ಮೇಲು. ಗಾಯಕನೊಬ್ಬನೇ ಒಂದು ಪಲ್ಲವಿಯನ್ನು ಹಾಡಲಿ. ಬಯಲಿನ ಕೊನೆಯಲ್ಲಿ ನಿಂತವನಿಗೆ ಪ್ರತಿಯೊಂದು ಪದವೂ ತಿಳಿದ ಮೇಲೆ ಬೇಸನ್ನು ಸೊನ್ನೆಯಿಂದ ಏರಿಸುತ್ತ ಹೋಗಲಿ. ಯಾವ ಮಟ್ಟದಲ್ಲಿ ಮೊದಲನೆಯ ಅಕ್ಷರವು ಮಸುಳಿತೋ ಅದಕ್ಕಿಂತ ಒಂದು ಗೆರೆ ಕೆಳಗೆ ಗುಂಡಿಯನ್ನು ನಿಲ್ಲಿಸತಕ್ಕದ್ದು.