ಸಿ ಜೀವಸತ್ವ ನುಂಗಿದಷ್ಟೂ ಚರ್ಮ ಬಿಗಿಯಾಗುತ್ತದೆಯೇ?

ನಂಬಿಕೆ: ಸಿ ಜೀವಸತ್ವದ ಗುಳಿಗೆ ಚೀಪಿದಷ್ಟೂ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನಾದ ಕೊಲಾಜನ್ ಹೆಚ್ಚುತ್ತದೆ, ಮುಖದ ಸುಕ್ಕು ಹೋಗುತ್ತದೆ. ಪ್ರಯೋಗಾಲಯದಲ್ಲೇ ಸಾಬೀತಾಗಿದೆಯಂತೆ!

ಸತ್ಯ: ಪ್ರಯೋಗಾಲಯ ಸುಳ್ಳು ಹೇಳಿಲ್ಲ, ಜಾಹೀರಾತಿನವರು ಅರ್ಧ ಮಾತ್ರ ಹೇಳಿದ್ದಾರೆ. ಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಸಿ ಬೆರೆಸಿದರೆ ಅವು ಹೊರಬಿಡುವ ಕೊಲಾಜನ್ ಹೆಚ್ಚುವುದು ನಿಜ. ಆದರೆ ಆ ಹೋಲಿಕೆ ಯಾವುದರ ಜೊತೆ? ಸಿ ಇಲ್ಲದ ತಟ್ಟೆಯ ಜೊತೆ. ಮನುಷ್ಯನ ಕೋಶಕ್ಕೆ ಸಿ ತಯಾರಿಸಿಕೊಳ್ಳಲು ಬರುವುದಿಲ್ಲ. ದ್ರಾವಣಕ್ಕೆ ಹಾಕಿದ ಸಿ ಕೂಡ 37 ಡಿಗ್ರಿ ಶಾಖದಲ್ಲಿ ದಿನದೊಳಗೆ ಬಹುಪಾಲು ಹಾಳಾಗುತ್ತದೆ. ಅದಕ್ಕೇ ಸಂಶೋಧಕರು ಫಾಸ್ಫೇಟ್ ಕೂಡಿಸಿದ, ಬೇಗ ಕೆಡದ ರೂಪವನ್ನು ಬಳಸುತ್ತಾರೆ. ಉಪವಾಸವಿದ್ದವನಿಗೆ ಊಟ ಹಾಕಿದಾಗ ಬರುವ ಚೈತನ್ಯ, ಹೊಟ್ಟೆ ತುಂಬಿದವನಿಗೆ ಇನ್ನೊಮ್ಮೆ ಬಡಿಸಿದರೆ ಬರುವುದಿಲ್ಲ.

ಇನ್ನೊಂದು ತಪ್ಪು, ಸಿಯಿಂದಲೇ ಕೊಲಾಜನ್ ಆಗುತ್ತದೆ ಎಂಬುದು. ಕೊಲಾಜನ್ ಆಗುವುದು ಅಮೈನೊ ಆಮ್ಲಗಳಿಂದ. ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡ ಅದರ ರಚನೆಯನ್ನು 1954ರಲ್ಲಿ ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ ತೋರಿಸಿದವರು ಜಿ. ಎನ್. ರಾಮಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ಕಲಿತವರು, ಮುಂದೆ ಅಲ್ಲಿಗೇ ಮರಳಿದವರು. ಎಳೆಯಲ್ಲಿರುವ ಅಮೈನೊ ಆಮ್ಲ ಪ್ರೋಲಿನ್‌ಗೆ ಹೈಡ್ರಾಕ್ಸಿಲ್ ಗುಂಪು ಕೂಡಿಸುವ ಕಿಣ್ವದೊಳಗೆ ಕಬ್ಬಿಣವಿದೆ. ಸಿ ಆ ಕಬ್ಬಿಣವನ್ನು ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇಡುತ್ತದೆ, ಅಷ್ಟೇ. ಆ ಗುಂಪು ಕೂಡದ ಕೊಲಾಜನ್ ಸುಮಾರು 24 ಡಿಗ್ರಿಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈಯ ಶಾಖ 37. ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿಯಲ್ಲಿ ವಸಡು ಕೊಳೆಯುವುದು, ಹಳೆಯ ಗಾಯ ಮತ್ತೆ ಬಾಯಿಬಿಡುವುದು ಇದರಿಂದಲೇ.

ಹುಳಿಯಾದದ್ದರಲ್ಲೆಲ್ಲ ಸಿ ಇರುತ್ತದೆ ಎನ್ನುವವರೂ ಇದ್ದಾರೆ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು, ಸಿ ಅದರಲ್ಲಿ ಅತ್ಯಲ್ಪ. ರಾಯಚೂರು ಜಿಲ್ಲೆಯ ಅರಕೇರಾದ ಮನೆಗಳ ಪುಂಡಿಪಲ್ಯದಲ್ಲಿರುವ ಸಿ ಕೂಡ ಕುದಿಯುವಾಗ ಬಹಳಷ್ಟು ಹೋಗುತ್ತದೆ. ಹುಳಿಯೇ ಇಲ್ಲದ ಪೇರಲ ಹಣ್ಣಿನಲ್ಲಿ, ಅದೂ 100 ಗ್ರಾಂನಲ್ಲಿ, ಸುಮಾರು 200 ಮಿಲಿಗ್ರಾಂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ದಿನದ ಪ್ರಮಾಣ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಜೋಳದ ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕಡಿಯುವವರು, ಊಟದ ಮೇಲೆ ನಿಂಬೆ ಹಿಂಡಿಕೊಳ್ಳುವವರು ಗೊತ್ತಿಲ್ಲದೆಯೇ ಇದರ ಒಂದು ಪಾಲು ಪಡೆಯುತ್ತಿದ್ದಾರೆ.

ಹೆಚ್ಚಾದದ್ದು? ಮೂತ್ರದಲ್ಲಿ ಹೋಗುತ್ತದೆ. ದಿನಕ್ಕೆ ಗ್ರಾಂಗಟ್ಟಲೆ ನುಂಗಿದರೆ ಅದರ ಒಂದು ಭಾಗ ಆಕ್ಸಲೇಟ್ ಆಗಿ, ಮೂತ್ರಪಿಂಡದ ಕಲ್ಲಿಗೆ ದಾರಿಯಾಗಬಹುದು. ರಾಯಚೂರಿನ ಬೇಸಿಗೆಯಲ್ಲಿ, ನೀರು ಕಡಿಮೆ ಕುಡಿಯುವವರಿಗೆ, ಇದು ಸಣ್ಣ ಮಾತಲ್ಲ.

ವಸಡಿನಿಂದ ರಕ್ತ ಒಸರುತ್ತಿದ್ದರೆ, ಗಾಯ ಮಾಯದೆ ಉಳಿದಿದ್ದರೆ ಗುಳಿಗೆ ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ. ಕಾರಣ ಸಕ್ಕರೆ ಕಾಯಿಲೆಯೂ ಆಗಿರಬಹುದು.